ಪುಣೆಯಲ್ಲಿ ಮುಧೋಳ ನಾಯಿ ಸಾಕುವವರು ಮೊದಲು ಬೇಲಿ ನೋಡಿಕೊಳ್ಳಿ

ಪುಣೆಯಲ್ಲಿರುವ ನಮ್ಮ ಕಡೆಯವರು ಊರಿಂದ ಮುಧೋಳ ಮರಿ ತರುತ್ತಾರೆ, ಬೇಲಿಯ ಯೋಚನೆ ಆಮೇಲೆ. ಬೆಕ್ಕು ಓಡಿತೆಂದರೆ ಈ ನಾಯಿಗೆ ನಿಮ್ಮ ಕೂಗು ಕೇಳಿಸದು. ಅದು ಹಟವಲ್ಲ, ತಳಿಯ ಗುಣ.

ಬೇಲಿ ಕನಿಷ್ಠ 6 ಅಡಿ ಇರಲಿ. ಪಕ್ಕದಲ್ಲಿ ನೀರಿನ ಡ್ರಮ್, ಹೂಕುಂಡ ಬೇಡ, ಅದರ ಮೇಲೇರಿ ಹಾರುತ್ತದೆ. ಬುಡ ಇನ್ನೂ ಮುಖ್ಯ. 2 ಅಡಿ ಅಗಲದ ವೆಲ್ಡ್ ಮೆಶ್ (ಬೆಸೆದ ತಂತಿ ಬಲೆ) ಅನ್ನು ಒಳಮಗ್ಗುಲಿಗೆ ನೆಲದ ಮೇಲೆ ಹಾಸಿ, ಬೇಲಿಗೆ ತಂತಿಯಿಂದ ಬಿಗಿದು, ಮೇಲೆ 3 ಇಂಚು ಮಣ್ಣು ಮುಚ್ಚಿ. ನಾಯಿ ಬೇಲಿಗೆ ಮೂತಿ ಒತ್ತಿ ಕೆರೆಯತೊಡಗಿದರೆ ಉಗುರಿಗೆ ಮೆಶ್ ತಾಗುತ್ತದೆ, ಮುಂದೆ ತೋಡಲಾಗುವುದಿಲ್ಲ. ಎರೆಮಣ್ಣಾದರೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಕಂಬ ವಾಲುತ್ತವೆ. ಜೂನ್‌ಗೆ ಮುಂಚೆ ಪ್ರತಿ ಕಂಬವನ್ನೂ ಅಲುಗಾಡಿಸಿ ನೋಡಿ.

ಗೇಟು ಒಂದೇ ಇದ್ದರೆ ಕೊರಿಯರ್‌ನವರು ಬಂದ ಕ್ಷಣವೇ ಸಾಕು, ನಾಯಿ ಹೊರಗೋಡುತ್ತದೆ. ಒಳಗೆ 5 ಅಡಿ ಬಿಟ್ಟು ಎರಡನೆಯ ಗೇಟು ಹಾಕಿಸಿ. ಒಂದನ್ನು ಮುಚ್ಚದೆ ಇನ್ನೊಂದು ತೆರೆಯಬೇಡಿ. ಶಾಕ್ ಕೊಡುವ ಕಾಲರ್ ಬೇಲಿಗೆ ಬದಲಿಯಲ್ಲ: ಬೇಟೆಯ ಭರದಲ್ಲಿ ನಾಯಿ ನೋವು ಸಹಿಸಿಕೊಂಡೇ ಗಡಿ ದಾಟಿಬಿಡುತ್ತದೆ.

ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ನವಿಲುಗಳಿವೆ, ಅಲ್ಲಿ ಹಗ್ಗ ಬಿಚ್ಚಲೇಬೇಡಿ. ತಲೆ ಸಪೂರವಾದ್ದರಿಂದ ಮಾಮೂಲಿ ಪಟ್ಟಿ ಜಾರುತ್ತದೆ. 2 ಇಂಚು ಅಗಲದ ಮಾರ್ಟಿಂಗೇಲ್ ಕಾಲರ್ (ಎಳೆದಾಗ ತುಸು ಬಿಗಿಯಾಗುವ ಪಟ್ಟಿ) ಬೇಕು. 10 ಮೀಟರ್ ಹಗ್ಗವನ್ನು ಎದೆಗೆ ಹಾಕುವ ಪಟ್ಟಿಯಾದ ಹಾರ್ನೆಸ್‌ಗೆ ಮಾತ್ರ ಕಟ್ಟಿ, ಕಾಲರ್‌ಗೆ ಕಟ್ಟಿದರೆ ಓಟದ ಕೊನೆಯ ಜಗ್ಗಿಗೆ ಕುತ್ತಿಗೆ ಉಳುಕುತ್ತದೆ.