ಒಂದು ‘ವೆ’ ಜಾಸ್ತಿ ಆಗಿತ್ತು

ಗೆಳತಿ ಚಿತ್ರದುರ್ಗದಲ್ಲಿ ಮನೆ ಕಟ್ಟಿಸಿದಳು. ಜೋಗಿಮಟ್ಟಿ ರಸ್ತೆ ಕಡೆ. ಭಾನುವಾರ ಪಾಸ್ಟರ್ ಬಂದು ಪ್ರಾರ್ಥನೆ ಮಾಡ್ತಾರೆ, ಆಮೇಲೆ ಊಟ, ನೀನು ಶನಿವಾರವೇ ಬರಬೇಕು ಅಂತ ತಿಂಗಳ ಮೊದಲೇ ಫೋನ್ ಮಾಡಿ ಹೇಳಿದ್ದಳು. ಏನು ಕೊಡಲಿ ಅಂತ ಕೇಳಿದ್ದಕ್ಕೆ, ‘ಏನೂ ಬೇಡ ಕಣೇ, ಹಾಲ್‌ನಲ್ಲಿ ಒಂದು ದೊಡ್ಡ ಗೋಡೆ ಖಾಲಿ ಇದೆ, ಅಲ್ಲಿಗೆ ಒಂದು ವಾಕ್ಯ ಬರೆದುಕೊಡು’ ಅಂದಳು. ವಾಕ್ಯ ಅಂದರೆ ಅವರ ಮನೆಯಲ್ಲಿ ಸತ್ಯವೇದದ ವಾಕ್ಯ. ನಾವು ಮನೆಯಲ್ಲಿ ವಚನ ಹಾಕಿಕೊಳ್ಳುತ್ತೇವಲ್ಲ, ಹಾಗೆ.

ದಾವಣಗೆರೆಯಲ್ಲಿ ಇಂಥದ್ದು ರೆಡಿ ಸಿಗುತ್ತದೆ. ಅಶೋಕ ರೋಡಿನ ಕಡೆ ಒಂದು ಸುತ್ತು ಹಾಕಿದೆ. ಮೆಷಿನ್‌ನಲ್ಲಿ ಕತ್ತರಿಸಿದ ಹಲಗೆ ಅಕ್ಷರ, ಅದರ ಮೇಲೆ ಬಂಗಾರದ ಬಣ್ಣ, ಸುತ್ತ ಮಿಂಚು. ನನಗೆ ಹಿಡಿಸಲಿಲ್ಲ. ಮದುವೆ ಸ್ಟೇಜಿನ ಹಿಂದೆ ಹುಡುಗ ಹುಡುಗಿ ಹೆಸರು ಹಾಕಿರುತ್ತಾರಲ್ಲ, ಹಾಗಿತ್ತು. ನಾನೇ ಮಾಡುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ಅವಳು ವಾಕ್ಯ ಕಳಿಸಿದಳು, ವಾಟ್ಸಾಪ್‌ನಲ್ಲಿ. 23ನೇ ಕೀರ್ತನೆಯ ಮೊದಲ ಸಾಲು: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’

ಕುರುಬ ಅನ್ನುವ ಮಾತು ಓದಿದ ಕೂಡಲೇ ನನ್ನ ತಲೆಗೆ ಬಂದದ್ದು ಕಂಬಳಿ. ಚಿತ್ರದುರ್ಗ ಜಿಲ್ಲೆಯ ಮನೆ, ಪಕ್ಕದಲ್ಲೇ ಚಳ್ಳಕೆರೆ, ಚಳ್ಳಕೆರೆ ಅಂದರೆ ಕಂಬಳಿ. ಕುರುಬನ ಮಾತನ್ನು ಕುರಿ ಉಣ್ಣೆಯ ಮೇಲೆ ಬರೆಯದೆ ಹಲಗೆ ಮೇಲೆ ಯಾಕೆ ಬರೆಯಬೇಕು?

ಚಳ್ಳಕೆರೆಗೆ ಹೋಗಿ ಬರುತ್ತಿದ್ದ ಚಿಕ್ಕಪ್ಪನಿಗೆ ಹೇಳಿ ಒಂದು ಕಂಬಳಿ ತರಿಸಿದೆ. ಬಣ್ಣ ಹಾಕದ ಕಂಬಳಿ, ಕುರಿಯ ಮೈಮೇಲಿದ್ದ ಕಪ್ಪೇ. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಅದಕ್ಕೇ ಹೊಸ ಕಂಬಳಿ ರಟ್ಟಿನ ಹಾಗೆ ಬಿರುಸು. ಹೊದ್ದುಕೊಂಡರೆ ಚುಚ್ಚುತ್ತದೆ, ಆದರೆ ಗೋಡೆಗೆ ತೂಗಿಬಿಡುವುದಕ್ಕೆ ಆ ಬಿರುಸೇ ಬೇಕಾಗಿತ್ತು. ಮೂರು ಅಡಿ ಅಗಲ, ಎರಡು ಅಡಿ ಎತ್ತರಕ್ಕೆ ಕತ್ತರಿಸಿದೆ. ಅಮ್ಮ ಬೈದಳು. ನಮ್ಮಲ್ಲಿ ಕಂಬಳಿ ಅಂದರೆ ಗದ್ದಿಗೆಗೆ ಹಾಸುವುದು, ಮದುವೆ ಶಾಸ್ತ್ರಕ್ಕೆ ಹಾಸುವುದು. ಅದಕ್ಕೆ ಕತ್ತರಿ ಹಾಕ್ತೀಯಲ್ಲೇ ಅಂತ.

ಅಕ್ಷರ ಮೂಡಿಸುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವಾಯಿತು. ಪೆನ್ಸಿಲ್ ಕಾಣುವುದಿಲ್ಲ. ಟೈಲರ್ ಚಾಕ್‌ನಲ್ಲಿ ನೇರ ಬರೆದರೆ ಉಣ್ಣೆ ಎಳೆ ಅಡ್ಡ ಬಂದು ಗೆರೆ ಎಲ್ಲೆಲ್ಲೋ ಹೋಗುತ್ತದೆ. ಕೊನೆಗೆ ದೊಡ್ಡ ಹಾಳೆ ಮೇಲೆ ಅಕ್ಷರ ಬರೆದು, ಗೆರೆ ಉದ್ದಕ್ಕೂ ಗುಂಡುಸೂಜಿಯಿಂದ ತೂತು ಮಾಡಿ, ಹಾಳೆಯನ್ನು ಕಂಬಳಿ ಮೇಲೆ ಇಟ್ಟು, ಬಟ್ಟೆ ಗಂಟಿನಲ್ಲಿ ರಂಗೋಲಿ ಪುಡಿ ಕಟ್ಟಿ ಮೆಲ್ಲಗೆ ತಟ್ಟಿದೆ. ಬಾಗಿಲ ಮುಂದೆ ರಂಗೋಲಿ ಅಚ್ಚಿನಲ್ಲಿ ದಿನಾ ಮಾಡುವ ಕೆಲಸವೇ. ಹಾಳೆ ಎತ್ತಿದಾಗ ಕಪ್ಪಿನ ಮೇಲೆ ಬಿಳಿ ಚುಕ್ಕಿಗಳ ಅಕ್ಷರ. ನಿಜ ಹೇಳಬೇಕೆಂದರೆ ಹಾಗೇ ಬಿಟ್ಟುಬಿಡೋಣ ಅನ್ನಿಸಿತು, ಅಷ್ಟು ಚೆನ್ನಾಗಿತ್ತು. ಮಗ ಓಡಿಬಂದು ಫ್ಯಾನ್ ಹಾಕುವವರೆಗೆ.

ಎರಡನೇ ಸಲ ತಟ್ಟಿದ ಮೇಲೆ ಫ್ಯಾನ್ ಸ್ವಿಚ್‌ಗೆ ಟೇಪ್ ಅಂಟಿಸಿ, ಬೆವರುತ್ತಾ ಕೂತು ಹೊಲಿದೆ. ದಬ್ಬಣ, ಬಿಳಿ ಉಣ್ಣೆ ದಾರ, ಹೈಸ್ಕೂಲಿನಲ್ಲಿ ಕಲಿತ ಸರಪಳಿ ಹೊಲಿಗೆ. ಈ ವಾಕ್ಯದಲ್ಲಿ ಒಂದೂ ಒತ್ತಕ್ಷರ ಇಲ್ಲ, ನೋಡಿ. ಹೊಲಿಯುವವರಿಗೆ ಅದೊಂದು ದೊಡ್ಡ ಉಪಕಾರ. ಆದರೆ ‘ಹೋ’ ಇದೆ. ಆ ಕೊಂಬು, ಆ ದೀರ್ಘ, ಒರಟು ಕಂಬಳಿ ಮೇಲೆ ಸಣ್ಣ ಸುರುಳಿ ಬರುವುದೇ ಇಲ್ಲ. ‘ಹೋ’ ಒಂದಕ್ಕೇ ಒಂದು ಸಂಜೆ ಹೋಯಿತು. ‘ನು’ ಮೂರು ಸಲ ಬರುತ್ತದೆ, ಮೂರನೆಯದನ್ನು ಹೊಲಿಯುವ ಹೊತ್ತಿಗೆ ಕೈ ತಾನಾಗೇ ತಿರುಗುತ್ತಿತ್ತು. ದಿನಾ ರಾತ್ರಿ ಊಟ ಆದಮೇಲೆ ಕೂತರೆ ಎರಡು ಮೂರು ಅಕ್ಷರ. ಬೆರಳ ತುದಿ ತೂತು ತೂತು.

ಶುಕ್ರವಾರ ರಾತ್ರಿ ಮುಗಿಯಿತು. ಕಂಬಳಿಯನ್ನು ದಿವಾನದ ಮೇಲೆ ಹಾಸಿ ಎಲ್ಲರನ್ನೂ ಕರೆದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

‘ಏನವ್ವಾ, ಹೊಸ ಮನೆಗೆ ಬಡತನ ಬರಲಿ ಅಂತ ಬರೆದೀಯಲ್ಲ?’

ನನಗೆ ಅರ್ಥ ಆಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ನಾನು ಹೊಲಿದದ್ದು ‘ಕೊರತೆಪಡೆವೆನು’.

ಅದು ಕೈತಪ್ಪಿನಿಂದ ಆದದ್ದಲ್ಲ, ಸೊಕ್ಕಿನಿಂದ ಆದದ್ದು. ಗೆಳತಿ ಕಳಿಸಿದ ಮೆಸೇಜಿನಲ್ಲಿ ‘ಪಡೆನು’ ಅಂತ ಇದ್ದದ್ದನ್ನು ನೋಡಿ, ಪಾಪ ಟೈಪ್ ಮಾಡುವಾಗ ಒಂದು ಅಕ್ಷರ ಬಿಟ್ಟಿದ್ದಾಳೆ, ಪಡೆನು ಅಂತ ಯಾವ ಊರ ಕನ್ನಡ ಅಂದುಕೊಂಡು ನಾನೇ ತಿದ್ದಿದ್ದೆ. ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು, ಅವಳನ್ನು ಒಂದು ಮಾತು ಕೇಳುವುದು ಬೇಡವಾ? ಕೇಳಲಿಲ್ಲ.

‘ತಾಳಮಾನ ಸರಿಸವನರಿಯೆ’ ಅಂದರು ಅಪ್ಪ. ಬಸವಣ್ಣನ ವಚನ, ಚಿಕ್ಕಂದಿನಿಂದ ನಾನೇ ಎಷ್ಟು ಸಲ ಹಾಡಿಲ್ಲ. ‘ಅರಿಯೆ ಅಂದ್ರೆ ಏನವ್ವಾ?’

‘ಗೊತ್ತಿಲ್ಲ ಅಂತ.’

‘ಅರಿವೆ ಅಂದ್ರೆ?’

‘ಗೊತ್ತಾಗುತ್ತೆ ಅಂತ...’

‘ಹಂಗೇ ಇದೂ. ಪಡೆನು ಅಂದ್ರೆ ಪಡೆಯಲ್ಲ. ಪಡೆವೆನು ಅಂದ್ರೆ ಪಡೆದೇ ಪಡೀತೀನಿ.’

ಹೊಟ್ಟೆಯಲ್ಲಿ ತಣ್ಣಗಾಯಿತು. ‘ಇಲ್ಲ’ ಅನ್ನುವ ಮಾತೇ ಹಾಕದೆ ಇಲ್ಲ ಅನ್ನುವುದು ಹಳೆಯ ಕನ್ನಡದ ರೀತಿ. ಒಲ್ಲೆ, ಅರಿಯೆ, ಕಾಣೆ ಅಂತ ನಾವೂ ಇನ್ನೂ ಅಷ್ಟಿಷ್ಟು ಬಳಸುತ್ತೇವೆ. ವಚನದಲ್ಲಿ ಬಂದರೆ ನನಗೆ ತಿಳಿಯುತ್ತದೆ, ಸತ್ಯವೇದದಲ್ಲಿ ಬಂದರೆ ತಪ್ಪು ಅಂತ ಕಂಡಿತ್ತು. ಎರಡೂ ಅದೇ ಕನ್ನಡ.

ಬಿಚ್ಚಲು ಕೂತೆ. ‘ವೆ’ ಒಂದನ್ನೇ ತೆಗೆದರೆ ನಡುವೆ ಬಾಯಿ ತೆರೆದ ಹಾಗೆ ಜಾಗ ಉಳಿಯುತ್ತದೆ, ಆದ್ದರಿಂದ ಅಷ್ಟು ಚೆನ್ನಾಗಿ ಬಂದಿದ್ದ ಕೊನೆಯ ‘ನು’ ಕೂಡ ಬಿಚ್ಚಬೇಕಾಯಿತು. ಸರಪಳಿ ಹೊಲಿಗೆಯ ಗುಣ ಏನೆಂದರೆ ಕೊನೆಯ ಗಂಟು ಸಿಕ್ಕರೆ ಸರ್‍ರನೆ ಬಿಚ್ಚಿಕೊಳ್ಳುತ್ತದೆ. ಆದರೆ ಕಂಬಳಿ ಬಿಡಬೇಕಲ್ಲ. ಬಿಳಿ ನವಿರು ಕಪ್ಪು ಉಣ್ಣೆಗೆ ಕಚ್ಚಿಕೊಂಡಿತ್ತು. ಒಂದೊಂದೇ ಎಳೆಯನ್ನು ಹುಬ್ಬಿನ ಚಿಮಟದಿಂದ ಆರಿಸಿದೆ. ಅಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಳು, ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ಬೇಜಾರಾಯಿತು. ಹೊಸ ‘ನು’ ಮುಗಿದಾಗ ಮೂರೂವರೆ. ಸಾಲು ಈಗ ಎಡಕ್ಕೆ ಒಂದಿಷ್ಟು ವಾಲಿದೆ, ಬಲಗಡೆ ಒಂದು ಗೇಣು ಖಾಲಿ. ಇರಲಿ ಅಂತ ಬಿಟ್ಟೆ.

ಶನಿವಾರ ಬೆಳಗ್ಗೆ ಕಂಬಳಿಯನ್ನು ಸುರುಳಿ ಸುತ್ತಿ, ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ, ಬಸ್ಸು ಹತ್ತಿದೆ. ದುರ್ಗ ಸುಮಾರು 60 ಕಿಲೋಮೀಟರ್, ನಿದ್ದೆ ಮಾಡಲು ಸಾಕಷ್ಟು ದಾರಿ.

ಬಿದಿರು ಕೋಲಿಗೆ ಪೋಣಿಸಿ ಗೋಡೆಗೆ ತೂಗಿಬಿಟ್ಟಾಗ ಗೆಳತಿ ಏನೂ ಹೇಳಲಿಲ್ಲ, ಸುಮ್ನೆ ನನ್ನ ಬೆರಳು ಹಿಡಿದು ನೋಡಿದಳು. ಅವಳ ಅಮ್ಮ ಹತ್ತಿರ ಬಂದು ಅಕ್ಷರದ ಮೇಲೆ ಕೈ ಆಡಿಸುತ್ತಾ ಆ ಕೀರ್ತನೆಯ ಆರೂ ವಚನ ಬಾಯಲ್ಲೇ ಹೇಳಿದರು. (ಅವರೂ ವಚನ ಅಂತಲೇ ಅನ್ನುತ್ತಾರೆ.) ಎರಡನೆಯದರಲ್ಲಿ ‘ಹಸುರುಗಾವಲು’ ಅಂತ ಒಂದು ಮಾತು ಬರುತ್ತದೆ. ಗಾವಲು ಅಂದರೆ ಕಾವಲು, ದನ ಕುರಿ ಮೇಯುವ ಹುಲ್ಲು ಬಯಲು, ಚಳ್ಳಕೆರೆಯ ಅಮೃತಮಹಲ್ ಕಾವಲಿನ ಕಾವಲೇ. ಅಲ್ಲಿ ಈಗ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಗೋಡೆ ಎದ್ದಿವೆ, ಕುರಿ ಹೊಡೆದುಕೊಂಡು ಹೋಗುವವರು ಸುತ್ತು ಹಾಕಿ ಹೋಗಬೇಕು. ಈ ಕಂಬಳಿಯ ಕುರಿ ಎಲ್ಲಿ ಮೇದಿತ್ತೋ.

ಹೇಳುತ್ತಾ ಹೇಳುತ್ತಾ ಗೆಳತಿಯ ಅಮ್ಮನ ಬೆರಳು ಖಾಲಿ ಜಾಗದಲ್ಲಿ ನಿಂತಿತು. ‘ಇಲ್ಲೇನೋ ಇತ್ತಲ್ಲವ್ವಾ?’

ಸುಳ್ಳು ಹೇಳಬಹುದಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ, ಮಾರನೇ ದಿನ ಪಾಸ್ಟರ್‌ಗೂ ಹೇಳಿದರು, ಬಂದ ನೆಂಟರಿಗೆಲ್ಲ ಹೇಳಿದರು. ಊಟಕ್ಕೆ ಕೂತಾಗ ಬಡಿಸುವವರು ‘ಸಾರು ಕೊರತೆಯಾಯಿತಾ’ ಅಂತ ನನ್ನನ್ನೇ ಕೇಳುತ್ತಿದ್ದರು.

ಮಳೆ ಶುರುವಾದ ಮೇಲೆ ಗೆಳತಿ ಫೋನ್ ಮಾಡಿದಳು. ‘ಏನೇ ಇದು, ಥಂಡಿ ಹಿಡಿದ ದಿನ ಹಾಲೆಲ್ಲ ಕುರಿ ವಾಸನೆ!’ ಅಂದಳು. ಬಿಸಿಲು ಬಂದಾಗ ಇಳಿಸಿ ಒಣಗಿಸು, ನುಸಿ ಹಿಡಿಯದ ಹಾಗೆ ಹಿಂದೆ ಒಣಗಿದ ಬೇವಿನ ಸೊಪ್ಪು ಇಡು ಅಂದೆ. ಫೋನ್ ಸ್ಪೀಕರಿನಲ್ಲಿತ್ತು, ನಮ್ಮಪ್ಪ ಕೂತಲ್ಲಿಂದಲೇ ಕೂಗಿದರು: ‘ಕುರುಬನ್ನ ಮನೆಗೆ ಕರೆದ ಮೇಲೆ ಕುರಿ ಹೊರಗೆ ನಿಲ್ತದೇನವ್ವಾ?’