ಯಾವ ಬೈಕ್ ತೆಗೆದುಕೊಳ್ಳಲಿ? ಮೊದಲು ಮಾರಿದವರನ್ನು ಕೇಳಿ

ನಾನು ಬೈಕಿನಲ್ಲಿ ಊರೂರು ಸುತ್ತುವವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಯಾವ ಬೈಕ್ ತೆಗೆದುಕೊಳ್ಳಲಿ?" ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಯಾಂಕಿನಲ್ಲಿ ಕಾಯುತ್ತ ನಿಂತಾಗ ಕೇಳಿದ್ದಾರೆ, ಚಾರ್ಮಾಡಿಯ ಮಳೆಯಲ್ಲಿ ಒಂದೇ ಸೂರಿನಡಿ ಸಿಕ್ಕಿಕೊಂಡಾಗ ಹೆಸರು ವಿಚಾರಿಸುವ ಮೊದಲೇ ಕೇಳಿದ್ದಾರೆ. ಕೇಳುವವರು ಇಪ್ಪತ್ತೈದರ ಆಸುಪಾಸಿನವರಾದರೆ ಪ್ರಶ್ನೆಗೊಂದು ಬಾಲವೂ ಇರುತ್ತದೆ: "ಸಾಲ ಮಾಡಿಯಾದರೂ ತೆಗೆದುಕೊಂಡುಬಿಡಲೇ, ಅಣ್ಣಾ?"

ನನ್ನ ಉತ್ತರ ಚಿಕ್ಕದು. ಅದರಿಂದ ಕೇಳಿದವರಿಗೆ ಸಂತೋಷವೇನೂ ಆಗುವುದಿಲ್ಲ. ಯಾವ ಬೈಕಿನ ಮೇಲೆ ಮನಸ್ಸಾಗಿದೆಯೋ ಅದನ್ನು ಕೊಂಡು, ಓಡಿಸಿ, ಮಾರಿಬಿಟ್ಟವರನ್ನು ಹುಡುಕಿ. ಯಾಕೆ ಮಾರಿದಿರಿ ಎಂದು ಕೇಳಿ. ಈಗ ಇಟ್ಟುಕೊಂಡಿರುವವರ ಮಾತನ್ನು ಆಮೇಲೆ ಕೇಳಿದರಾಯಿತು.

ಇಟ್ಟುಕೊಂಡವರು ಸುಳ್ಳು ಹೇಳುತ್ತಾರೆ ಎಂದಲ್ಲ. ತಿಂಗಳು ತಿಂಗಳು ಏಳು ಸಾವಿರ ಕಂತು ಕಟ್ಟುತ್ತಿರುವವನು ತನ್ನ ಆಯ್ಕೆ ಸರಿ ಎಂದು ನಂಬದಿದ್ದರೆ ರಾತ್ರಿ ನಿದ್ದೆ ಬರುವುದು ಹೇಗೆ? ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲೋ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದೋ ಬೈಕುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಮಾತಾಡುವವರನ್ನು ಗಮನಿಸಿ. ಮೈಲೇಜ್, ಟಾರ್ಕ್, ಸೈಲೆನ್ಸರ್ ಸದ್ದು, ಮುಂದಿನ ವರ್ಷದ ಲಡಾಖ್ ಎಲ್ಲವೂ ಮಾತಿಗೆ ಬರುತ್ತವೆ. ಎಷ್ಟು ಕಂತು ಬಾಕಿ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಮಾರಿದವನಿಗೆ ಆ ಹಂಗಿಲ್ಲ, ಅವನು ಬಾಯಿ ಬಿಡುತ್ತಾನೆ.

ಅವರು ಹೇಳುವ ಕಾರಣಗಳಲ್ಲಿ ಎಂಜಿನ್ ಸರಿಯಿಲ್ಲ ಎಂಬುದು ಅಪರೂಪ. ತೂಕವೇ ಮೊದಲ ಕಾರಣ. ಸ್ಪ್ಲೆಂಡರ್ ಸುಮಾರು 112 ಕಿಲೋ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೋ. ಓಡುವಾಗ ಈ ವ್ಯತ್ಯಾಸ ಹಿತವೆನಿಸುತ್ತದೆ, ಗಾಳಿಗೆ ಬೈಕ್ ಅಲುಗುವುದಿಲ್ಲ. ಆದರೆ ಇಳಿಜಾರಿನಲ್ಲಿ ಮುಂಚಕ್ರ ಕೆಳಗೆ ಮಾಡಿ ನಿಲ್ಲಿಸಿದ್ದನ್ನು ಬೆಳಿಗ್ಗೆ ಹಿಂದಕ್ಕೆಳೆಯಬೇಕಲ್ಲ? ಹಾಸನದ ಪರಿಚಿತರೊಬ್ಬರು ಮಾರಿದ್ದು ಕೇವಲ ಇದಕ್ಕೆ. ಬಾಡಿಗೆ ಮನೆ ಬದಲಾಯಿತು, ಹೊಸ ಮನೆಯ ಗೇಟಿನ ಮುಂದೆ ಚರಂಡಿಯ ಮೇಲೆ ಕಡಿದಾದ ಕಲ್ಲುಚಪ್ಪಡಿ. ಎರಡು ಸಲ ಬೈಕ್ ಮಗುಚಿತು, ಮೂರನೆಯ ಸಲಕ್ಕೆ ಅವರು ಕಾಯಲಿಲ್ಲ. ಸೀಟಿನ ಎತ್ತರ ಇನ್ನೊಂದು ಕಾರಣ. ಹಿಮಾಲಯನ್ 450ರ ಸೀಟು ನೆಲದಿಂದ 825 ಮಿಲಿಮೀಟರ್. ಐದಡಿ ನಾಲ್ಕಂಗುಲದವರು ಸಿಗ್ನಲ್ಲಿನಲ್ಲಿ ತುದಿಗಾಲ ಮೇಲೆ ನಿಲ್ಲಬೇಕಾಗುತ್ತದೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಬೈಕ್ ನಿಂತುಹೋದರೆ ಕಾಲಿಡಲು ನೆಲ ಸಿಗುವುದಿಲ್ಲ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ತೊಡೆಗೆ ತಾಗುವ ಎಂಜಿನ್ ಕಾವಿನ ಬಗ್ಗೆ ನಾನು ಹೇಳಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಕಾರಣ ಹಿಂಬದಿ ಸೀಟು. ಕೊಳ್ಳುವಾಗ ಒಬ್ಬನೇ, ಆಮೇಲೆ ಮದುವೆ. ಹೆಂಡತಿ ಮೊದಲ ವಾರ ಏನೂ ಅನ್ನುವುದಿಲ್ಲ, ಎರಡನೆಯ ವಾರ "ಬಸ್ಸಿನಲ್ಲಿ ಬರುತ್ತೇನೆ, ನೀವು ಹೋಗಿರಿ" ಎನ್ನುತ್ತಾಳೆ. ಅಮ್ಮನನ್ನು ಮೊಣಕಾಲು ನೋವಿಗೆ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಆ ಎತ್ತರಕ್ಕೆ ಕಾಲೆತ್ತಲು ಅವರಿಂದಾಗುವುದಿಲ್ಲ. ಆದ್ದರಿಂದ ಟೆಸ್ಟ್ ರೈಡಿಗೆ ಹೋಗುವಾಗ ಹಿಂದೆ ಕೂರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಶೋರೂಮಿನವರು ಒಬ್ಬರೇ ಓಡಿಸಿ ಎಂದರೆ ಬೇರೆ ಶೋರೂಮ್ ನೋಡಿ.

ಇನ್ನು ಕೆಲವರು ರಸ್ತೆಯ ಕಾರಣಕ್ಕೆ ಮಾರಿದ್ದಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವಾರಾಂತ್ಯಕ್ಕೆ ಊರಿಗೆ ಹೋಗಿಬರಬಹುದೆಂದು ದೊಡ್ಡ ಬೈಕ್ ಕೊಂಡವರಿಗೆ 2023ರ ಆಗಸ್ಟ್ 1ರಿಂದ ಮುಖ್ಯ ಪಥವೇ ಬಂದ್ ಆಯಿತು. ಆಟೊ, ಟ್ರ್ಯಾಕ್ಟರುಗಳ ಜೊತೆಗೆ ನಮ್ಮನ್ನೂ ಸರ್ವೀಸ್ ರಸ್ತೆಗೆ ಇಳಿಸಿದರು. ಸರ್ವೀಸ್ ರಸ್ತೆಯ ಹಂಪು ದಾಟಲು 650 ಸಿಸಿ ಬೇಕಿಲ್ಲ.

ಈಗ ಸಾಲದ ಮಾತು. ದಿನವೂ ಕೆಲಸಕ್ಕೆ ಹೋಗುವ, ಹೊಟ್ಟೆಪಾಡಿನ ಬೈಕಿಗೆ ಸಾಲ ಮಾಡುವವರಿಗೆ ನಾನು ಉಪದೇಶ ಮಾಡುವುದಿಲ್ಲ. ರಾತ್ರಿ ಪಾಳಿಯ ನರ್ಸಿಗೆ, ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಬೈಕ್ ಇಲ್ಲದ ತಿಂಗಳೇ ಕಂತಿಗಿಂತ ದುಬಾರಿ. ಭಾನುವಾರದ ಬೈಕಿಗೆ ಮಾತ್ರ ನನ್ನದು ಒಂದೇ ಷರತ್ತು: ಕಟ್ಟಬೇಕಾದ ಕಂತಿನಷ್ಟೇ ಹಣವನ್ನು ಆರು ತಿಂಗಳು ಬ್ಯಾಂಕಿನ ಆರ್‌ಡಿಗೆ ಕಟ್ಟಿ ನೋಡಿ. ಯುಗಾದಿ, ತಂಗಿಯ ಸೀಮಂತ, ಮೊಬೈಲ್ ಒಡೆದದ್ದು ಎಲ್ಲ ದಾಟಿಯೂ ಆರು ಕಂತು ತಪ್ಪದೆ ಹೋದರೆ ಶೋರೂಮಿಗೆ ಹೋಗಿ, ಕೈಯಲ್ಲಿ ಡೌನ್ ಪೇಮೆಂಟಿಗೂ ಒಂದಿಷ್ಟು ಕೂಡಿರುತ್ತದೆ. ಮೂರನೆಯ ತಿಂಗಳಿಗೇ ತಪ್ಪಿದರೆ ಬ್ಯಾಂಕಿನವರಿಂದ ಫೋನ್ ಬರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳಿ.

ಶೋರೂಮಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತಿರುವ ಫೈನಾನ್ಸ್‌ನವರು "ಬರೀ ಹತ್ತು ಪರ್ಸೆಂಟ್ ಸರ್" ಎಂದಾಗ ಕೇಳಬೇಕಾದ ಪ್ರಶ್ನೆ, ಅದು ಫ್ಲಾಟ್ ದರವೋ ರೆಡ್ಯೂಸಿಂಗ್ ದರವೋ ಎಂಬುದು. ಎರಡು ಲಕ್ಷ ಸಾಲ, ಮೂರು ವರ್ಷ ಎಂದಿಟ್ಟುಕೊಳ್ಳಿ. ಶೇ 10ರ ರೆಡ್ಯೂಸಿಂಗ್, ಅಂದರೆ ಬಾಕಿ ಉಳಿದ ಅಸಲಿಗೆ ಮಾತ್ರ ಬಡ್ಡಿ ಬೀಳುವ ಲೆಕ್ಕದಲ್ಲಿ ಕಂತು ಸುಮಾರು 6,450 ರೂಪಾಯಿ, ಒಟ್ಟು ಬಡ್ಡಿ 32 ಸಾವಿರದ ಆಸುಪಾಸು. ಅದೇ ಶೇ 10 ಫ್ಲಾಟ್ ಆದರೆ ನೀವು ತೀರಿಸಿದ ಅಸಲಿನ ಮೇಲೂ ಕೊನೆಯ ತನಕ ಬಡ್ಡಿ ಬೀಳುತ್ತದೆ. ಕಂತು 7,222, ಬಡ್ಡಿ ಬರೋಬ್ಬರಿ 60 ಸಾವಿರ. ರೆಡ್ಯೂಸಿಂಗ್ ಲೆಕ್ಕಕ್ಕೆ ತಿರುಗಿಸಿದರೆ ಅದು ಹೆಚ್ಚುಕಡಿಮೆ ಶೇ 18. ಕಂತಿನಲ್ಲಿ ಕಾಣುವುದು ತಿಂಗಳಿಗೆ ಎಂಟುನೂರಕ್ಕೂ ಕಡಿಮೆ ವ್ಯತ್ಯಾಸ, ಆದ್ದರಿಂದಲೇ ಯಾರೂ ಗಮನಿಸುವುದಿಲ್ಲ. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆಲ್ಲ ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಎಂಬ, ಸಾಲದ ಮುಖ್ಯ ಷರತ್ತುಗಳಿರುವ ವಿವರಪತ್ರ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ ಎಪಿಆರ್ ಎಂಬ ಹೆಸರಿನಲ್ಲಿರುತ್ತದೆ. ಸಹಿ ಹಾಕುವ ಮೊದಲು ಕೇಳಿ ಪಡೆಯಿರಿ.

ಜಾಹೀರಾತಿನ ಬೆಲೆಯನ್ನು ನಂಬಿ ಲೆಕ್ಕ ಹಾಕುವವರೂ ಬಹಳ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಅಂದಿನಿಂದ "350ರೊಳಗೆ ಯಾವುದು ಒಳ್ಳೆಯದು" ಎಂಬ ಪ್ರಶ್ನೆ ಜೋರಾಗಿದೆ, ನ್ಯಾಯವೇ. ಆದರೆ ಕರ್ನಾಟಕದ ಆಜೀವ ತೆರಿಗೆ ಇದರ ಮೇಲೆ ಬೇರೆ. ಒಂದು ಲಕ್ಷ ದಾಟಿದ ಬೈಕಿಗೆ ಶೇ 18, ಜೊತೆಗೆ ಸೆಸ್. ಎರಡು ಲಕ್ಷದ ಬೈಕಿಗೆ ತೆರಿಗೆಯೇ 36 ಸಾವಿರ ಮೀರುತ್ತದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಬೈಕಿನಿಂದ ಬೇರೆಯವರಿಗಾದ ಹಾನಿಯ ವಿಮೆ, ಒಟ್ಟಿಗೆ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಲ್ಲಿ ಅದು 150ರಿಂದ 350 ಸಿಸಿಗೆ 7,365 ರೂಪಾಯಿ, 350 ದಾಟಿದರೆ 15,117. ಒಂದು ಸಿಸಿ ಹೆಚ್ಚಾದರೂ ಎರಡರಷ್ಟು. ಇಷ್ಟಾದ ಮೇಲೆ ಹೆಲ್ಮೆಟ್, ಜಾಕೆಟ್, ಕೈಗವಸು. ಇವುಗಳಿಗೆ ಬೈಕಿನ ಬೆಲೆಯ ಹತ್ತನೆಯ ಒಂದು ಭಾಗ ತೆಗೆದಿಡಿ, ಹಿಂದೆ ಕೂರುವವರ ಹೆಲ್ಮೆಟ್ಟೂ ಅದರಲ್ಲೇ ಬರಲಿ. ಎರಡೂವರೆ ಲಕ್ಷದ ಬೈಕಿನ ಮೇಲೆ ರಸ್ತೆ ಬದಿಯ ಮುನ್ನೂರು ರೂಪಾಯಿಯ ಟೋಪಿ ಹಾಕಿ ಕೂತವರನ್ನು ಕಂಡರೆ ನನಗೆ ರೇಷ್ಮೆ ಪಂಚೆಯ ಮೇಲೆ ಹರಿದ ಬನಿಯನ್ ನೋಡಿದ ಹಾಗಾಗುತ್ತದೆ.

"ಹಾಗಾದರೆ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲೇ?" ಖಂಡಿತ. ಮಾರಿದವರನ್ನು ಕೇಳಿ ಎಂದು ನಾನು ಹೇಳುವುದರ ಅರ್ಧ ಲಾಭ ಇಲ್ಲೇ ಇದೆ: ಕಾರಣವೂ ಸಿಗುತ್ತದೆ, ಕೆಲವೊಮ್ಮೆ ಬೈಕೂ ಸಿಗುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚುತ್ತಿದ್ದಾರೆ ಎಂದೇ ತಿಳಿಯಿರಿ. ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಗೆರೆ ಇದೆಯೇ, ಚೈನು ಸುತ್ತುವ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಾಗಿದೆಯೇ ನೋಡಿ. ಟೈರಿನ ಬದಿಯ ನಾಲ್ಕಂಕಿ ಓದಿ. 2419 ಎಂದಿದ್ದರೆ 2019ರ 24ನೇ ವಾರದಲ್ಲಿ ತಯಾರಾದದ್ದು, ಗ್ರಿಪ್ ಎಷ್ಟೇ ಚೆನ್ನಾಗಿ ಕಂಡರೂ ಅದರ ಕಾಲ ಮುಗಿದಿದೆ.

ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಸರಿ ಮಾಡುತ್ತಾನೆ, ಕಾಗದ ಕೆಟ್ಟರೆ ವರ್ಷಗಟ್ಟಲೆ ಅಲೆದಾಟ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಉಳಿದುಕೊಂಡಿರುವುದೇ ಸಾಮಾನ್ಯ ತೊಡಕು. ಸಾಲ ತೀರಿದ ಮೇಲೆ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಟಿಒದಲ್ಲಿ ಆ ಹೆಸರು ತೆಗೆಸಬೇಕು. ಕೊನೆಯ ಕಂತು ಕಟ್ಟಿದ ಸಂಭ್ರಮದಲ್ಲಿ ಬಹಳ ಜನ ಇದನ್ನು ಮರೆಯುತ್ತಾರೆ. ಬೈಕ್ ಮಾರುವವರು ನೀವಾದರೆ, ಹೆಸರು ವರ್ಗಾವಣೆಗೆ ನೀವು ಫಾರಂ 29, ಕೊಳ್ಳುವವರು ಫಾರಂ 30 ಎಂದು ಸಹಿ ಹಾಕಿದ ಮೇಲೆ ಹಣ ಎಣಿಸಿಕೊಂಡು ಸುಮ್ಮನಾಗಬೇಡಿ, ಹೆಸರು ಬದಲಾದ ಆರ್‌ಸಿ ಕಣ್ಣಿಗೆ ಬೀಳುವ ತನಕ ಬೆನ್ನು ಬಿಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕೈಕೈ ಬದಲಾದ ಬೈಕ್ ಎಲ್ಲೋ ಯಾರಿಗೋ ಗುದ್ದಿದರೆ ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಕೊಳ್ಳುವವರು ಹದಿನಾಲ್ಕು ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ (ವಿಮೆಯ ಪರಿಹಾರ ಕೇಳದಿದ್ದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಇದೆ ಎಂದು ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಡಿ; ಅದು ಮಾಲೀಕನ ಹಿಂದೆ ಹೋಗುತ್ತದೆ, ಬೈಕಿನ ಹಿಂದೆ ಬರುವುದಿಲ್ಲ. ದೆಹಲಿಯಲ್ಲೋ ಪುದುಚೇರಿಯಲ್ಲೋ ಅಗ್ಗಕ್ಕೆ ಸಿಗುತ್ತದೆ ಎನ್ನುವವರು ಇಲ್ಲಿಗೆ ತಂದ ಮೇಲೆ ಕಟ್ಟಬೇಕಾದ ತೆರಿಗೆಯನ್ನು ಮೊದಲು ಕೂಡಿಸಿ ನೋಡಲಿ. ಅಗ್ಗ ಎಂಬುದು ಅಲ್ಲೇ ಮುಗಿಯುತ್ತದೆ.

ಅಪ್ಪನ ಹಳೆಯ ಯೆಜ್ಡಿಯನ್ನು ಸರಿ ಮಾಡಿಸಲೇ ಎಂದು ಕೇಳುವವರಿಗೆ ಮಾತ್ರ ಈ ಲೆಕ್ಕವನ್ನೆಲ್ಲ ನಾನು ಒಪ್ಪಿಸುವುದಿಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉದ್ಘಾಟನೆಯಾಗಿ 1996ರಲ್ಲಿ ಬಾಗಿಲು ಹಾಕಿತು. ಆ ಊರಿನಲ್ಲಿ ಯೆಜ್ಡಿಯ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಕೈಗಳು ಇನ್ನೂ ಇವೆ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಆ ಬೈಕನ್ನು ದಿನಬಳಕೆಗೆ ನೆಚ್ಚಿಕೊಳ್ಳಬೇಡಿ, ಹದಿನೈದು ವರ್ಷ ದಾಟಿದ್ದಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಮರೆಯಬೇಡಿ. ಉಳಿದಂತೆ ಖರ್ಚು ಎಷ್ಟಾಯಿತೆಂದು ಬರೆದಿಡದಿರುವುದೇ ಒಳ್ಳೆಯದು.

ಇತ್ತೀಚೆಗೆ ಪ್ರಶ್ನೆಯ ಬಾಲ ಇನ್ನಷ್ಟು ಉದ್ದವಾಗಿದೆ. ಬೈಕ್ ತೆಗೆದುಕೊಂಡು, ಕೆಲಸ ಬಿಟ್ಟು, ಒಂದು ವರ್ಷ ದೇಶ ಸುತ್ತಿ ಬರಲೇ ಎನ್ನುತ್ತಾರೆ. ಹೋಗಬೇಡಿ ಎನ್ನಲು ನಾನು ಯಾರು? ಇಲ್ಲಿಯೂ ಹೋಗಿಬಂದು ಮತ್ತೆ ಕೆಲಸಕ್ಕೆ ಸೇರಿದವರನ್ನು ಕೇಳಿ ಎನ್ನುತ್ತೇನೆ. ಇನ್ನೂ ದಾರಿಯಲ್ಲಿರುವವರ ಫೋಟೊ ನೋಡಿ ನಿರ್ಧರಿಸಬೇಡಿ. ಹೋಗಿಬಂದವರಲ್ಲಿ ಪೆಟ್ರೋಲ್ ಖರ್ಚಿನ ಬಗ್ಗೆ ದೂರುವವರು ನನಗೆ ಸಿಕ್ಕಿಲ್ಲ. ಅವರಿಗೆ ಪೆಟ್ಟು ಕೊಟ್ಟದ್ದು ಬೇರೆ. ಕಂಪನಿ ಕೊಟ್ಟಿದ್ದ ಗುಂಪು ಆರೋಗ್ಯ ವಿಮೆ ಕೆಲಸ ಬಿಟ್ಟ ದಿನವೇ ಕೊನೆಯಾಗುತ್ತದೆ, ಅದರಲ್ಲಿ ಅಪ್ಪ ಅಮ್ಮನೂ ಇದ್ದರೆ ಅವರದೂ ಕೊನೆಯಾಗುತ್ತದೆ. ಬೈಕಿನ ವಿಮೆಯ ಜೊತೆಗಿರುವ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮುರಿದ ಕಾಲಿಗೆ ರಾಡ್ ಹಾಕಿಸಿದ ಬಿಲ್ಲನ್ನು ಅದು ಕಟ್ಟುವುದಿಲ್ಲ. ಸ್ವಂತದ ಆರೋಗ್ಯ ಪಾಲಿಸಿಯಲ್ಲಿ ಅಪಘಾತಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಬೇರೆ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ ಮೂವತ್ತು ದಿನ ಕಾಯಬೇಕು, ಅಪ್ಪ ಅಮ್ಮನಿಗೆ ಈಗಾಗಲೇ ಇರುವ ಸಕ್ಕರೆ, ಬಿಪಿಯಂಥವುಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ರಾಜೀನಾಮೆ ಪತ್ರ ಬರೆಯುವ ಬಹಳ ಮೊದಲೇ ಪಾಲಿಸಿ ಮಾಡಿಸಿ, ಆ ಕಾಯುವ ಅವಧಿ ಸಂಬಳ ಬರುತ್ತಿರುವಾಗಲೇ ಸವೆಯಲಿ. ಸ್ಯಾಡಲ್ ಬ್ಯಾಗ್ ಯಾವುದು ಒಳ್ಳೆಯದು ಎಂಬುದನ್ನು ಆಮೇಲೆ ಕೇಳಿ, ಅದಕ್ಕೆ ನನ್ನ ಹತ್ತಿರ ಉದ್ದದ ಉತ್ತರವೇ ಇದೆ.