ಬಾಸ್ಟನ್ನಿನ ಚಹಾ, ಬಂಗಾಳದ ಲೆಕ್ಕ

ಬ್ರಿಟಿಷರು ಚಹಾದ ಮೇಲೆ ವಿಪರೀತ ತೆರಿಗೆ ಹೇರಿದರು, ಅದನ್ನು ತಾಳಲಾರದ ಬಾಸ್ಟನ್ನಿನ ಜನ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು, ಅಲ್ಲಿಂದ ಅಮೆರಿಕದ ಕ್ರಾಂತಿ ಹೊತ್ತಿಕೊಂಡಿತು ಎಂಬ ಪಾಠವನ್ನು ಪ್ರೌಢಶಾಲೆಯಲ್ಲಿ ಓದದವರು ನಮ್ಮಲ್ಲಿ ಕಡಿಮೆ. ಆ ಪಾಠದಲ್ಲಿ ಇಲ್ಲದ ಒಂದು ಸಂಗತಿ ಈ ಬರಹಕ್ಕೆ ಕಾರಣವಾಯಿತು. 1773ರ ಚಹಾ ಕಾಯ್ದೆಯಿಂದ ಅಮೆರಿಕದಲ್ಲಿ ಚಹಾ ತುಟ್ಟಿಯಾಗಲಿಲ್ಲ, ಅಗ್ಗವಾಯಿತು. ಅಗ್ಗದ ಚಹಾವನ್ನು ಒಂದು ಊರಿನ ಜನ ಏಕೆ ನೀರುಪಾಲು ಮಾಡಿದರು ಎಂಬ ಪ್ರಶ್ನೆ, ಸೇವಾವಧಿಯನ್ನೆಲ್ಲ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಕಳೆದ ನನ್ನನ್ನು ಆ ಊರಿನಲ್ಲಿ ಬೇರೇನನ್ನೂ ಸರಿಯಾಗಿ ನೋಡಗೊಡಲಿಲ್ಲ.

ನ್ಯೂಯಾರ್ಕಿನಿಂದ ರೈಲಿನಲ್ಲಿ ಬಂದು ಸೌತ್ ಸ್ಟೇಷನ್ನಿನಲ್ಲಿ ಇಳಿದಾಗ ಅಕ್ಟೋಬರ್ ತಿಂಗಳ ಕೊನೆ, ಮರಗಳೆಲ್ಲ ಕೆಂಪಾಗಿದ್ದವು. ಹಾರ್ವರ್ಡ್, ಚಾರ್ಲ್ಸ್ ನದಿಯ ದಂಡೆ, ವಸ್ತುಸಂಗ್ರಹಾಲಯಗಳು, ಎಲ್ಲವನ್ನೂ ಮಗಳು ಪ್ರೀತಿಯಿಂದ ತೋರಿಸಿದಳು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಹಳೆಯ ಊರಿನ ಐತಿಹಾಸಿಕ ಸ್ಥಳಗಳನ್ನು ಜೋಡಿಸುವ ಎರಡೂವರೆ ಮೈಲಿಯ ‘ಫ್ರೀಡಂ ಟ್ರೇಲ್’ ಎಂಬ ಹಾದಿಗೆ ಕಾಲುದಾರಿಯ ಉದ್ದಕ್ಕೂ ಕೆಂಪು ಇಟ್ಟಿಗೆಯ ಗೆರೆ ಎಳೆದಿದ್ದಾರೆ. ಅದನ್ನು ಹಿಡಿದು ನಡೆದರೆ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಈ ವ್ಯವಸ್ಥೆ ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಎಲ್ಲರೂ ಹೊಗಳುವ ಫ್ಯಾನುಯಿಲ್ ಹಾಲ್ ಸುತ್ತಲಿನ ಪೇಟೆ ಮನಸ್ಸಿಗೆ ಹಿಡಿಸಲಿಲ್ಲ. ಸ್ವಾತಂತ್ರ್ಯದ ತೊಟ್ಟಿಲು ಎಂದು ಕರೆಯುವ ಆ ಕಟ್ಟಡವನ್ನು ಊರಿಗೆ ಕಟ್ಟಿಸಿಕೊಟ್ಟ ಪೀಟರ್ ಫ್ಯಾನುಯಿಲ್ ಗುಲಾಮರ ವ್ಯಾಪಾರದಲ್ಲೂ ಹಣ ಮಾಡಿದವನು. ಆ ವಿಷಯದ ಮುಂದೆ ನಿಂತು ಯೋಚಿಸಲು ಅಲ್ಲಿನ ಅಂಗಡಿಗಳ ಗದ್ದಲ ಅವಕಾಶ ಕೊಡುವುದಿಲ್ಲ.

ನಾನು ನಿಂತದ್ದು ವಾಷಿಂಗ್ಟನ್ ಬೀದಿ ಮತ್ತು ಮಿಲ್ಕ್ ಬೀದಿ ಕೂಡುವಲ್ಲಿರುವ ‘ಓಲ್ಡ್ ಸೌತ್ ಮೀಟಿಂಗ್ ಹೌಸ್’ನಲ್ಲಿ. 1729ರಲ್ಲಿ ಕಟ್ಟಿದ ಇಟ್ಟಿಗೆಯ ಪ್ರಾರ್ಥನಾ ಮಂದಿರ ಅದು. ಸುತ್ತ ಎತ್ತರದ ಕಚೇರಿ ಕಟ್ಟಡಗಳು. ಒಳಗೆ ಬಿಳಿ ಬಣ್ಣದ, ಪುಟ್ಟ ಬಾಗಿಲುಗಳುಳ್ಳ ಮರದ ಆಸನದ ಕಟ್ಟೆಗಳು, ಮೇಲೆ ಎರಡು ಅಂತಸ್ತಿನ ಗ್ಯಾಲರಿ. ಊರಿನ ಜನಸಂಖ್ಯೆ ಸುಮಾರು 16,000 ಇದ್ದ ಕಾಲದಲ್ಲಿ, 1773ರ ಡಿಸೆಂಬರ್ 16ರಂದು, ಬಂದರಿಗೆ ಬಂದ ಚಹಾವನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಇಲ್ಲಿ ಮತ್ತು ಹೊರಗಿನ ಬೀದಿಯಲ್ಲಿ ಸುಮಾರು 5,000 ಮಂದಿ ಸೇರಿದ್ದರು. ಅಲ್ಲಿ ನನಗೆ ಸಿಕ್ಕವರು ಸ್ವಯಂಸೇವಕರಾಗಿ ಮಾರ್ಗದರ್ಶನ ಮಾಡುವ ಒಬ್ಬ ವೃದ್ಧರು. ನಾನು ತೆರಿಗೆ ಇಲಾಖೆಯವನೆಂದು ತಿಳಿದ ಮೇಲೆ ಅವರು ಗುಂಪಿಗೆ ಹೇಳುವ ಕಥೆಯನ್ನು ಬಿಟ್ಟು ಕಾಯ್ದೆಯ ವಿಚಾರಕ್ಕೇ ಬಂದರು.

ಅವರು ವಿವರಿಸಿದ್ದು ಹೀಗೆ. ಫ್ರಾನ್ಸಿನೊಡನೆ ನಡೆದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಮೆರಿಕದಲ್ಲಿ ಇಟ್ಟ ಸೈನ್ಯದ ಖರ್ಚನ್ನು ಅಲ್ಲಿಯವರೂ ಹೊರಲಿ ಎಂದು ಸಂಸತ್ತು 1764ರಲ್ಲಿ ಸಕ್ಕರೆ ಕಾಯ್ದೆಯನ್ನೂ 1765ರಲ್ಲಿ ಕಾಗದಪತ್ರಗಳ ಮೇಲೆ ತೆರಿಗೆ ಹಾಕುವ ಮುದ್ರಾಂಕ ಕಾಯ್ದೆಯನ್ನೂ ತಂದಿತು. ಜನ ಬ್ರಿಟಿಷ್ ಸರಕನ್ನು ಬಹಿಷ್ಕರಿಸಿದಾಗ ಮುದ್ರಾಂಕ ಕಾಯ್ದೆಯನ್ನು 1766ರಲ್ಲಿ ಹಿಂತೆಗೆದುಕೊಂಡಿತು. ಆದರೆ ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಹಕ್ಕು ತನಗಿದೆ ಎಂದು ಅದೇ ದಿನ ಇನ್ನೊಂದು ಕಾಯ್ದೆಯಲ್ಲಿ ಘೋಷಿಸಿಕೊಂಡಿತು. ಮರುವರ್ಷ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಹಣಕಾಸು ಸಚಿವ ಚಾರ್ಲ್ಸ್ ಟೌನ್‌ಷೆಂಡ್‌ನ ಹೆಸರಿನ ಟೌನ್‌ಷೆಂಡ್ ಸುಂಕ ಬಂತು. 1770ರಲ್ಲಿ ಅವನ್ನೆಲ್ಲ ತೆಗೆದರೂ ಹಕ್ಕಿನ ಗುರುತಾಗಿ ಚಹಾದ ಮೇಲಿನ ಸುಂಕವನ್ನು, ಒಂದು ಪೌಂಡ್ ತೂಕಕ್ಕೆ 3 ಪೆನ್ಸ್, ಹಾಗೆಯೇ ಉಳಿಸಿದರು.

ಅಷ್ಟರಲ್ಲಿ ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಅದರ ಉಗ್ರಾಣಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ಚಹಾ ಮಾರಾಟವಾಗದೆ ಬಿದ್ದಿತ್ತು. ಅಮೆರಿಕದವರು ಡಚ್ಚರಿಂದ ಕಳ್ಳಸಾಗಣೆಯಾಗಿ ಬರುವ ಚಹಾವನ್ನೇ ಹೆಚ್ಚಾಗಿ ಕುಡಿಯುತ್ತಿದ್ದರು. 1773ರ ಕಾಯ್ದೆ ಕಂಪನಿಗೆ ಎರಡು ಅನುಕೂಲಗಳನ್ನು ಮಾಡಿಕೊಟ್ಟಿತು. ಅಮೆರಿಕಕ್ಕೆ ಹೋಗುವ ಚಹಾದ ಮೇಲೆ ಬ್ರಿಟನ್ನಿನಲ್ಲಿ ತೆತ್ತ ಸುಂಕ ಪೂರ್ತಿಯಾಗಿ ವಾಪಸು ಸಿಗುವಂತಾಯಿತು. ಲಂಡನ್ನಿನ ಹರಾಜನ್ನೂ ನಡುವಿನ ಸಗಟು ವ್ಯಾಪಾರಿಗಳನ್ನೂ ಬಿಟ್ಟು, ತಾನೇ ಆರಿಸಿದ ಏಜೆಂಟರ ಮೂಲಕ ನೇರವಾಗಿ ಅಮೆರಿಕದಲ್ಲಿ ಮಾರುವ ಅಧಿಕಾರವೂ ಬಂತು. ಬೆಲೆ ಇಳಿಯಿತು, 3 ಪೆನ್ಸ್ ಉಳಿಯಿತು. ಬಾಸ್ಟನ್ನಿನ ಏಜೆಂಟರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಗವರ್ನರ್ ಥಾಮಸ್ ಹಚಿನ್ಸನ್ನನ ಇಬ್ಬರು ಮಕ್ಕಳಿದ್ದರು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹಿಂದೆ ಪ್ರಾಂತದ ಶಾಸನಸಭೆಯೇ ಮಂಜೂರು ಮಾಡುತ್ತಿದ್ದ ಗವರ್ನರನ ಸಂಬಳವನ್ನು ಈಗ ಈ ಸುಂಕದ ಹಣದಿಂದಲೇ ಕೊಡತೊಡಗಿದ್ದರು. ಜನರ ಹಣದಿಂದ ಸಂಬಳ ಪಡೆಯುವ ಅಧಿಕಾರಿ ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾಗಿಲ್ಲದ ಸ್ಥಿತಿ ಅದು. ಇಷ್ಟನ್ನು ಕೇಳಿದ ಮೇಲೆ 3 ಪೆನ್ಸಿನ ಚಿಕ್ಕ ಮೊತ್ತದ ಹಿಂದಿನ ದೊಡ್ಡ ಸಿಟ್ಟು ನನಗೆ ಸ್ಪಷ್ಟವಾಯಿತು. ತೆರಿಗೆಯ ಪ್ರಮಾಣಕ್ಕಿಂತ ಅದನ್ನು ಯಾರು ಹಾಕುತ್ತಾರೆ, ಆ ಹಣ ಯಾರನ್ನು ಯಾರ ಹಿಡಿತದಿಂದ ಬಿಡಿಸುತ್ತದೆ ಎಂಬುದೇ ಜನರನ್ನು ಕೆರಳಿಸುತ್ತದೆ ಎನ್ನುವುದನ್ನು ನನ್ನ ವೃತ್ತಿಯಲ್ಲೂ ಕಂಡಿದ್ದೇನೆ.

ಡಿಸೆಂಬರ್ 16ರಂದೇ ಅದು ಸಿಡಿದದ್ದೇಕೆ ಎಂದು ಕೇಳಿದೆ. ಅದಕ್ಕೂ ಒಂದು ಸುಂಕದ ನಿಯಮವೇ ಕಾರಣವಾಗಿತ್ತು. ಬಂದರಿಗೆ ಬಂದ ಸರಕಿಗೆ 20 ದಿನಗಳೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಅದನ್ನು ಜಪ್ತಿ ಮಾಡಬಹುದಿತ್ತು. ‘ಡಾರ್ಟ್‌ಮೌತ್’ ಹಡಗು ಬಂದದ್ದು ನವೆಂಬರ್ 28ರಂದು. ಗಡುವು ಡಿಸೆಂಬರ್ 17ಕ್ಕೆ ತೀರುತ್ತಿತ್ತು. ಜಪ್ತಿಯಾದ ಚಹಾ ಹರಾಜಾಗಿ ಸುಂಕ ವಸೂಲಾದರೆ ಹೋರಾಟ ಸೋತಂತೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾಗಳ ಹಡಗುಗಳು ಚಹಾ ಇಳಿಸದೆ ಲಂಡನ್ನಿಗೆ ಮರಳಿದವು. ಬಾಸ್ಟನ್ನಿನಲ್ಲಿ ಹಚಿನ್ಸನ್ ಒಪ್ಪಲಿಲ್ಲ. ಹಡಗಿನ ಮಾಲೀಕರ ಪರವಾಗಿ ತರುಣ ಫ್ರಾನ್ಸಿಸ್ ರಾಚ್ ಆ ದಿನ ಮಿಲ್ಟನ್ನಿನಲ್ಲಿದ್ದ ಗವರ್ನರನ ಮನೆಗೆ ಹೋಗಿ, ಸುಂಕ ಕಟ್ಟದೆ ಹಿಂತಿರುಗಲು ಅನುಮತಿ ಬೇಡಿ, ಇಲ್ಲವೆನ್ನಿಸಿಕೊಂಡು ಕತ್ತಲಾದ ಮೇಲೆ ಮರಳಿದ. ಇನ್ನು ಈ ಸಭೆಯಿಂದ ಆಗುವುದೇನೂ ಇಲ್ಲ ಎಂದು ಹೋರಾಟದ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಸಾರಿದ. ಮೋಹಾಕ್ ಮೂಲನಿವಾಸಿಗಳ ವೇಷ ಹಾಕಿದ ಗುಂಪು ಗ್ರಿಫಿನ್ ಕಟ್ಟೆಗೆ ಹೋಗಿ ಮೂರು ಹಡಗುಗಳಿಂದ 340 ಪೆಟ್ಟಿಗೆಗಳನ್ನು ಒಡೆದು, ಸುಮಾರು 42 ಟನ್ ಚಹಾವನ್ನು ನೀರಿಗೆ ಸುರಿಯಿತು.

ನನ್ನ ಪ್ರವಾಸ ನಿಜವಾಗಿ ತಡೆದು ನಿಂತದ್ದು ಇದರ ನಂತರದ ಮಾತಿನಲ್ಲಿ. ಆ ವೃದ್ಧರು, ‘ನೀವು ಭಾರತದವರು, ಈ ಕಂಪನಿಯನ್ನು ನಮಗಿಂತ ಚೆನ್ನಾಗಿ ಬಲ್ಲಿರಿ. ನಿಮ್ಮ ದೇಶದ ಸಾವುಗಳ ಸುದ್ದಿ ಆ ಚಹಾಕ್ಕಿಂತ ಮೊದಲೇ ಇಲ್ಲಿಗೆ ತಲುಪಿತ್ತು’ ಎಂದರು. ‘ರಸ್ಟಿಕಸ್’ ಎಂಬ ಹೆಸರಿನಲ್ಲಿ 1773ರ ನವೆಂಬರ್ ಕೊನೆಯಲ್ಲಿ ಪ್ರಕಟವಾದ, ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ಬರೆದದ್ದೆಂದು ತಿಳಿಯಲಾದ ಒಂದು ಪತ್ರದ ವಿಷಯವನ್ನು ಅವರು ಹೇಳಿದರು. ಏಷ್ಯಾದಲ್ಲಿ ಈ ಕಂಪನಿ ನಡೆದುಕೊಂಡ ರೀತಿಯನ್ನು ನೋಡಿ, ಒಂದೇ ವರ್ಷದಲ್ಲಿ ಅಲ್ಲಿ 15 ಲಕ್ಷ ಜನ ಹಸಿವಿನಿಂದ ಸತ್ತರಂತೆ, ಭೂಮಿ ಬೆಳೆ ಕೊಡದೆ ಅಲ್ಲ, ಕಂಪನಿಯೂ ಅದರ ನೌಕರರೂ ಧಾನ್ಯವನ್ನೆಲ್ಲ ಹಿಡಿದಿಟ್ಟು ಬಡವರ ಕೈಗೆಟುಕದ ಬೆಲೆಗೆ ಏರಿಸಿದ್ದರಿಂದ, ಈಗ ಅವರ ಕಣ್ಣು ಅಮೆರಿಕದ ಮೇಲೆ ಬಿದ್ದಿದೆ ಎಂಬುದು ಅದರ ತಾತ್ಪರ್ಯ. 1770ರ ಬಂಗಾಳದ ಕ್ಷಾಮ ಅದು. ಮಳೆ ಕೈಕೊಟ್ಟದ್ದೂ ನಿಜ. ಆದರೆ ಪ್ರಾಂತದ ಮೂರನೆಯ ಒಂದು ಪಾಲು ಜನ ಸತ್ತರೂ 1771ರ ಕಂದಾಯದ ನಿವ್ವಳ ವಸೂಲಿ 1768ರದ್ದನ್ನು ಮೀರಿತ್ತೆಂದು ಬಂಗಾಳದ ಗವರ್ನರ್ ವಾರೆನ್ ಹೇಸ್ಟಿಂಗ್ಸ್ ಸ್ವತಃ 1772ರಲ್ಲಿ ಲಂಡನ್ನಿಗೆ ಬರೆದಿದ್ದಾನೆ. ಒಬ್ಬ ತೆರಿಗೆ ಅಧಿಕಾರಿ ಬರೆಯಬಹುದಾದ ಇದಕ್ಕಿಂತ ಭೀಕರವಾದ ವಾಕ್ಯವನ್ನು ನಾನು ಓದಿಲ್ಲ.

ನಾವಿಬ್ಬರೂ ಒಂದು ಆಸನದ ಕಟ್ಟೆಯೊಳಗೆ ಕುಳಿತು ವರ್ಷಗಳನ್ನು ಹೊಂದಿಸತೊಡಗಿದೆವು. ಕಂಪನಿಗೆ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಅಲಹಾಬಾದಿನಲ್ಲಿ ಸಿಕ್ಕಿದ್ದು 1765ರ ಆಗಸ್ಟ್ 12ರಂದು. ಬಾಸ್ಟನ್ನಿನಲ್ಲಿ ಮುದ್ರಾಂಕ ಕಾಯ್ದೆಯ ವಿರುದ್ಧ ಎದ್ದ ಜನ ಮುದ್ರಾಂಕ ಹಂಚುವ ಅಧಿಕಾರಿ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದ್ದು ಅದೇ ವರ್ಷದ ಆಗಸ್ಟ್ 14ರಂದು. ಎರಡು ದಿನಗಳ ಅಂತರ! ಅವರಿಗೆ ಅಲಹಾಬಾದಿನ ತಾರೀಖು ತಿಳಿದಿರಲಿಲ್ಲ; ನನಗೆ ಆಲಿವರನ ತಾರೀಖು ತಿಳಿದಿರಲಿಲ್ಲ.

ಆಮೇಲೆ ನಾನು ನಮ್ಮ ಕಡೆಯ ಎಳೆಯನ್ನು ಸೇರಿಸಿದೆ. ಮೊದಲ ಮೈಸೂರು ಯುದ್ಧದಲ್ಲಿ ಹೈದರ್ ಅಲಿ ಕಂಪನಿಯ ಸೀಮೆಗೆ ನುಗ್ಗಿದ ಸುದ್ದಿ 1769ರ ಮೇ ತಿಂಗಳಲ್ಲಿ ಲಂಡನ್ ತಲುಪಿದಾಗ ಕಂಪನಿಯ ಷೇರಿನ ಬೆಲೆ ಕುಸಿಯಿತು. ಆ ಹೊತ್ತಿಗೆ ಹೈದರ್ ಮದ್ರಾಸಿನ ಬಾಗಿಲಿನವರೆಗೆ ಬಂದು ತಾನು ಬಯಸಿದ ಒಪ್ಪಂದವನ್ನು ಮಾಡಿಸಿಕೊಂಡಾಗಿತ್ತು. ಯುದ್ಧದ ಖರ್ಚು, ಕ್ಷಾಮ, ಮನಸೋಇಚ್ಛೆ ಹಂಚಿದ ಲಾಭಾಂಶ, ವರ್ಷಕ್ಕೆ 4 ಲಕ್ಷ ಪೌಂಡಿನಂತೆ ಬ್ರಿಟಿಷ್ ಸರ್ಕಾರಕ್ಕೆ ಕೊಡಬೇಕಾದ ಹಣ, 1772ರ ಸಾಲದ ಬಿಕ್ಕಟ್ಟು, ಇವೆಲ್ಲ ಕೂಡಿ ಕಂಪನಿ ಸರ್ಕಾರದ ಮುಂದೆ ಕೈಯೊಡ್ಡಿತು. 1773ರಲ್ಲಿ ಅದಕ್ಕೆ 14 ಲಕ್ಷ ಪೌಂಡ್ ಸಾಲ ಸಿಕ್ಕಿತು, ಕಂಪನಿಯ ಆಡಳಿತವನ್ನು ಹತೋಟಿಗೆ ತರುವ ರೆಗ್ಯುಲೇಟಿಂಗ್ ಕಾಯ್ದೆ ಭಾರತಕ್ಕೆ ಬಂತು, ಅಮೆರಿಕಕ್ಕೆ ಚಹಾ ಕಾಯ್ದೆ ಬಂತು. ಒಂದೇ ದಿವಾಳಿಯನ್ನು ತಪ್ಪಿಸಲು ಒಂದೇ ಸಂಸತ್ತು ಒಂದೇ ವರ್ಷ ಮಾಡಿದ ಕೆಲಸಗಳಿವು. ಬಾಸ್ಟನ್ನಿನ ದಂಗೆಗೆ ಹೈದರನೇ ಕಾರಣ ಎಂದು ನಾನು ಹೇಳುವುದಿಲ್ಲ. ಆ ಸರಪಣಿಯ ಒಂದು ಕೊಂಡಿ ನಮ್ಮ ಶ್ರೀರಂಗಪಟ್ಟಣದಲ್ಲಿತ್ತು ಎಂದಷ್ಟೇ ಹೇಳುತ್ತೇನೆ. ಆ ವೃದ್ಧರಿಗೆ ಹೈದರನ ಹೆಸರು ಹೊಸದಾಗಿರಲಿಲ್ಲ. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಆಲಿ’ ಎಂದೇ ಹೆಸರಿಟ್ಟಿದ್ದರು, ಅದು 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿಯಿತು ಎಂದು ಅವರೇ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು.

ಮರುದಿನ ಕಾಂಗ್ರೆಸ್ ಬೀದಿಯ ಸೇತುವೆಯ ಬಳಿ ಇರುವ ಚಹಾ ಹಡಗುಗಳ ವಸ್ತುಸಂಗ್ರಹಾಲಯಕ್ಕೆ ಹೋದೆವು. ಇಲ್ಲಿಗೆ ಹೋಗುವವರಿಗೆ ಒಂದು ಮಾತು. ಟಿಕೆಟ್ಟನ್ನು ವಸ್ತುಸಂಗ್ರಹಾಲಯದಿಂದಲೇ ನೇರವಾಗಿ ಕೊಳ್ಳಿ. ನಮಗೆ ಟಿಕೆಟ್ ಮಾರಿದ ದಲ್ಲಾಳಿ ಜಾಲತಾಣ ಹೆಚ್ಚು ಹಣ ಪಡೆದು, ಅಲ್ಲಿ ಇಲ್ಲವೇ ಇಲ್ಲದ ಪ್ರವೇಶದ ವೇಳೆಯನ್ನು ನಮೂದಿಸಿ ಕೊಟ್ಟಿತ್ತು. ಕೊರೆಯುವ ಗಾಳಿಯಲ್ಲಿ ಹೊರಗೆ ನಿಂತು, ಕೊನೆಗೆ ಹೊಸ ಟಿಕೆಟ್ ಕೊಂಡು ಒಳಗೆ ಹೋದೆವು. ಹಣ ಮರಳಿಸಲು ಆ ತಾಣ ಇಂದಿಗೂ ಉತ್ತರ ಕೊಟ್ಟಿಲ್ಲ.

ಒಳಗೆ ‘ಎಲಿನರ್’ ಮತ್ತು ‘ಬೀವರ್’ ಹಡಗುಗಳ ಪ್ರತಿರೂಪಗಳಿವೆ. ಹಳೆಯ ವೇಷದ ನಟರು ಘೋಷಣೆ ಕೂಗಿಸುತ್ತಾರೆ, ಹಗ್ಗ ಕಟ್ಟಿದ ಹಗುರ ಪೆಟ್ಟಿಗೆಯನ್ನು ನೀರಿಗೆ ಎಸೆಯಲು ಕೊಡುತ್ತಾರೆ. ಮಕ್ಕಳು ಸಂತೋಷಪಡುತ್ತವೆ; ನನಗೆ ಅದು ರುಚಿಸಲಿಲ್ಲ. ಸಾವಿರಾರು ಜನ ಪ್ರಾಣದ ಹಂಗು ತೊರೆದು ತೆಗೆದುಕೊಂಡ ತೀರ್ಮಾನವನ್ನು ಆಟದಂತೆ ತೋರಿಸಿದರೆ ಅದರ ತೂಕ ಉಳಿಯುವುದಿಲ್ಲ. ಆದರೆ ಆ ರಾತ್ರಿಯಿಂದ ಉಳಿದುಬಂದಿರುವ ‘ರಾಬಿನ್ಸನ್ ಪೆಟ್ಟಿಗೆ’ಯನ್ನು ನೋಡಲೆಂದೇ ಅಲ್ಲಿಗೆ ಹೋಗಬಹುದು. ಮಾರನೆಯ ಬೆಳಿಗ್ಗೆ ಜಾನ್ ರಾಬಿನ್ಸನ್ ಎಂಬ ಹುಡುಗನಿಗೆ ದಡದಲ್ಲಿ ಸಿಕ್ಕ ಚಿಕ್ಕ ಮರದ ಪೆಟ್ಟಿಗೆ ಅದು. ಅದರಲ್ಲಿದ್ದ ಚಹಾ ಭಾರತದ್ದಲ್ಲ, ಚೀನಾದ್ದು; ಆಗಿನ್ನೂ ಅಸ್ಸಾಮಿನಲ್ಲಿ ತೋಟಗಳಿರಲಿಲ್ಲ. ಮೂಲದ ಗ್ರಿಫಿನ್ ಕಟ್ಟೆ ಇಂದು ಇಲ್ಲ. ಆ ಕಡಲಂಚನ್ನು ಮಣ್ಣು ತುಂಬಿ ಬೀದಿ ಮಾಡಿದ್ದಾರೆ.

ಆ ‘ಡಾರ್ಟ್‌ಮೌತ್’ ಹಡಗಿನಲ್ಲಿ ಚಹಾದ ಜೊತೆಗೆ ಫಿಲಿಸ್ ವೀಟ್ಲಿಯ ಕವನ ಸಂಕಲನದ ಪ್ರತಿಗಳೂ ಬಂದಿದ್ದವು. ಆಫ್ರಿಕಾದಿಂದ ಬಾಲ್ಯದಲ್ಲೇ ಹಿಡಿದು ತಂದು ಬಾಸ್ಟನ್ನಿನಲ್ಲಿ ಮಾರಲಾದ ಆಕೆ ಓಲ್ಡ್ ಸೌತ್ ಸಭೆಯ ಸದಸ್ಯೆಯಾಗಿದ್ದಳು. ತಮ್ಮನ್ನು ಗುಲಾಮರನ್ನಾಗಿ ಮಾಡುತ್ತಿದ್ದಾರೆಂದು ಬ್ರಿಟಿಷರ ವಿರುದ್ಧ ಕೂಗಿದವರ ಮನೆಗಳಲ್ಲೇ ಗುಲಾಮರಿದ್ದರು. ವೇಷಕ್ಕೆ ಬೇಕಾದ ಮೋಹಾಕರ ನೆಲದ ಹಕ್ಕು ಯಾರಿಗೂ ಬೇಕಿರಲಿಲ್ಲ. ಇದನ್ನು ಬಿಟ್ಟು ಆ ಡಿಸೆಂಬರನ್ನು ಹೊಗಳಲು ನನ್ನಿಂದಾಗದು.

ಕಂಪನಿ ತನ್ನ ನಷ್ಟವನ್ನು 9,659 ಪೌಂಡ್ ಎಂದು ಲೆಕ್ಕ ಹಾಕಿತು. ಅದನ್ನು ಕಟ್ಟಿಕೊಡುವವರೆಗೆ ಬಾಸ್ಟನ್ ಬಂದರನ್ನು 1774ರ ಜೂನ್ 1ರಿಂದ ಮುಚ್ಚಿಸಿದರು, ಪ್ರಾಂತದ ಸನ್ನದನ್ನೂ ಮೊಟಕುಗೊಳಿಸಿದರು. ಒಂದು ಊರನ್ನು ಒಂಟಿಯಾಗಿಸಿ ಮಣಿಸಬಹುದೆಂಬ ಆ ಎಣಿಕೆ ಪೂರ್ತಿ ತಲೆಕೆಳಗಾಯಿತು. ಬೇರೆ ವಸಾಹತುಗಳು ಬಾಸ್ಟನ್ನಿಗೆ ಧಾನ್ಯ, ಕುರಿ, ಹಣ ಕಳುಹಿಸಿದವು. ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಒಟ್ಟಾಗಿ ಸಭೆ ಸೇರಿದವು. ಮರುವರ್ಷದ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು.

ಓಲ್ಡ್ ಸೌತ್‌ನ ಎದುರಿಗೇ ಬೀದಿಯಾಚೆ ಐರ್ಲೆಂಡಿನ ಕ್ಷಾಮದ ಸ್ಮಾರಕವಿದೆ. ಹಸಿದು ಕುಸಿದ ಒಂದು ಕುಟುಂಬ, ಅಮೆರಿಕದಲ್ಲಿ ನೆಲೆಕಂಡ ಇನ್ನೊಂದು ಕುಟುಂಬ. ಎರಡೂ ಕಂಚಿನ ಪ್ರತಿಮೆಗಳು. ಶಿಲ್ಪ ಅಷ್ಟೇನೂ ಉತ್ತಮವಾಗಿಲ್ಲ, ಆದರೂ ಆ ಸಾವುಗಳನ್ನು ನೆನೆಯಲು ಒಂದು ಜಾಗವಾದರೂ ಇದೆ. ಈ ಮಂದಿರದಲ್ಲಿ ನಡೆದ ಸಭೆಗಳ ಕಾಲಕ್ಕೆ ಅಮೆರಿಕದ ಪತ್ರಿಕೆಗಳಲ್ಲಿ ಎಚ್ಚರಿಕೆಯ ಮಾತಾಗಿ ಬಳಕೆಯಾದ ಬಂಗಾಳದ ಸಾವುಗಳ ಉಲ್ಲೇಖ ಒಳಗಿನ ಫಲಕಗಳಲ್ಲಿ ನನಗೆ ಕಾಣಲಿಲ್ಲ. ಹೊರಡುವ ಮೊದಲು ಮತ್ತೆ ಅಲ್ಲಿಗೆ ಹೋಗಿ, ಸಂದರ್ಶಕರ ಪುಸ್ತಕದಲ್ಲಿ 1765ರ ಆಗಸ್ಟ್ 12 ಮತ್ತು 14ನ್ನು ಒಂದೇ ಫಲಕದಲ್ಲಿ ಬರೆಯಿಸಬೇಕೆಂದು, ಅದರ ಕೆಳಗೆ ಹೇಸ್ಟಿಂಗ್ಸನ ವಸೂಲಿಯ ಲೆಕ್ಕವನ್ನೂ ಹಾಕಬೇಕೆಂದು ಒಂದು ಪುಟ ಪೂರ್ತಿ ಬರೆದು ಸಹಿ ಮಾಡಿದೆ.